ನೆಲದಡಿಯ ‘ಕರೆಂಟ್ ಬೇಲಿ’: ನಾಯಿ ನಿಲ್ಲುವುದು ತಂತಿಯಿಂದಲೇ?

ಕಾಂಪೌಂಡ್ ಇಲ್ಲದ ಹಸಿರು ಅಂಗಳ. ಚೆಂಡಿನ ಹಿಂದೆ ಓಡಿಬಂದ ಲ್ಯಾಬ್ರಡಾರ್ ನಾಯಿ ರಸ್ತೆಗೆ ನಾಲ್ಕೈದು ಹೆಜ್ಜೆ ಇರುವಾಗ ಗಕ್ಕನೆ ನಿಂತು ವಾಪಸ್ ತಿರುಗುತ್ತದೆ. ಎದುರಿಗೆ ಗೋಡೆ ಇಲ್ಲ, ಗೇಟ್ ಇಲ್ಲ, ಕಟ್ಟಿದ ಚೈನೂ ಇಲ್ಲ. ಅಮೆರಿಕದಲ್ಲಿರುವ ಮಗನೋ ಭಾವನೋ ಕಳಿಸಿದ ಇಂಥ ವಿಡಿಯೋಗಳು ಫ್ಯಾಮಿಲಿ ಗ್ರೂಪಿಗೆ ಬಂದು, ಅಲ್ಲಿಂದ ಮುಂದೆ ಹೋಗುವಾಗ ಎರಡು ಬಗೆಯ ಒಕ್ಕಣೆ ಹೊತ್ತುಕೊಳ್ಳುತ್ತವೆ. ಒಂದು: “ನೆಲದಲ್ಲಿ ತಂತಿ ಹೂತರೆ ಸಾಕು, ನಾಯಿ ಜನ್ಮದಲ್ಲಿ ಆಚೆ ಹೋಗಲ್ಲ.” ಇನ್ನೊಂದು: “ನೆಲದಡಿ ಕರೆಂಟ್ ಹರಿಯುತ್ತಿದೆ, ಮಳೆಗಾಲದಲ್ಲಿ ಮಕ್ಕಳು ಬರಿಗಾಲಿನಲ್ಲಿ ತುಳಿದರೆ ಪ್ರಾಣಕ್ಕೇ ಅಪಾಯ.”

ಮೊದಲನೆಯದು ಅರ್ಧ ಸುಳ್ಳು, ಎರಡನೆಯದು ಬಹುಪಾಲು ಸುಳ್ಳು. ನಿಜವಾದ ಅಪಾಯ ಇರುವುದು ಬೇರೆ ಎರಡು ಕಡೆ. ವಿಡಿಯೋ ನೋಡಿ ಮನೆಯ ಕರೆಂಟನ್ನೇ ತಂತಿಗೆ ಕೊಡುವ ಸ್ವಂತ ಪ್ರಯೋಗದಲ್ಲಿ ಒಂದು. ಈ ತಂತಿಯನ್ನು ಬೇಲಿ ಎಂದು ನಂಬಿಬಿಡುವುದರಲ್ಲಿ ಇನ್ನೊಂದು.

ತಂತಿ ತುಳಿದರೆ ಶಾಕ್ ಹೊಡೆಯುತ್ತದೆಯೇ?

ಇಲ್ಲ. ಕಂಪನಿಯವರು ಹೇಳಿದಂತೆ ಅಳವಡಿಸಿದ ವ್ಯವಸ್ಥೆಯಲ್ಲಿ ತಂತಿಯ ಮೇಲೆ ನೀವು ನಿಂತರೂ, ಮಲಗಿದರೂ, ಮಳೆನೀರು ನಿಂತರೂ ಏನೂ ಆಗುವುದಿಲ್ಲ. ಕೊರಳಲ್ಲಿ ಬೆಲ್ಟ್ ಇಲ್ಲದ ಪಕ್ಕದ ಮನೆಯ ನಾಯಿಗೂ ಏನೂ ಆಗುವುದಿಲ್ಲ. ಕಾರಣ ಸರಳ: ಶಾಕ್ ಕೊಡುವುದು ನೆಲವಲ್ಲ, ನಾಯಿಯ ಕೊರಳಲ್ಲಿರುವ ಬೆಲ್ಟ್.

ವ್ಯವಸ್ಥೆಯಲ್ಲಿ ಮೂರು ಭಾಗಗಳಿವೆ. ಮನೆಯೊಳಗೆ ಪ್ಲಗ್‌ಗೆ ಹಾಕಿದ ಒಂದು ಪುಟ್ಟ ಪೆಟ್ಟಿಗೆ, ಅಂದರೆ ಟ್ರಾನ್ಸ್‌ಮಿಟರ್. ಅದರಿಂದ ಹೊರಟು ಅಂಗಳದ ಸುತ್ತ ಒಂದು ಪೂರ್ತಿ ಸುತ್ತು ಹಾಕಿ ಮತ್ತೆ ಅದಕ್ಕೇ ಬಂದು ಸೇರುವ ತಂತಿ. ಇದನ್ನು ನೆಲದಲ್ಲಿ ಕೆಲವೇ ಇಂಚು ಆಳಕ್ಕೆ ಹೂಳುತ್ತಾರೆ. ಮೂರನೆಯದು ಬ್ಯಾಟರಿ ಇರುವ ಕೊರಳ ಬೆಲ್ಟ್.

ಪೆಟ್ಟಿಗೆಯ ಅಡಾಪ್ಟರ್ ಮನೆಯ 230 ವೋಲ್ಟ್ ಕರೆಂಟನ್ನು ಫೋನ್ ಚಾರ್ಜರ್‌ನಂತೆಯೇ ಇಳಿಸಿಬಿಡುತ್ತದೆ. ತಂತಿಯಲ್ಲಿ ಓಡುವುದು ಬಹಳ ದುರ್ಬಲವಾದ ಒಂದು ಸಿಗ್ನಲ್. ಅದರ ಆವರ್ತನ ಸಾಮಾನ್ಯವಾಗಿ 7ರಿಂದ 10 ಕಿಲೋಹರ್ಟ್ಜ್ ಆಸುಪಾಸು. ಹೋಲಿಕೆಗೆ ಹೇಳುವುದಾದರೆ ಬೆಂಗಳೂರು ಆಕಾಶವಾಣಿಯ ಮೀಡಿಯಂ ವೇವ್ 612 ಕಿಲೋಹರ್ಟ್ಜ್. ಆಕಾಶವಾಣಿ ನೂರಾರು ಕಿಲೋಮೀಟರ್ ಕೇಳಿಸಬೇಕು. ಈ ತಂತಿ ತನ್ನ ಸುತ್ತ ಕೆಲವು ಅಡಿ ‘ಕೇಳಿಸಿದರೆ’ ಸಾಕು. ತಂತಿಯಲ್ಲಿ ಕರೆಂಟ್ ಹಿಂದೆ ಮುಂದೆ ಆಡುವಾಗ ಅದರ ಸುತ್ತ ಕಾಂತಕ್ಷೇತ್ರ ಏರಿಳಿಯುತ್ತದೆ. ಬೆಲ್ಟಿನೊಳಗೆ ಸುತ್ತಿದ ತಂತಿಯ ಸಣ್ಣ ಸುರುಳಿ ಆ ಏರಿಳಿತವನ್ನು ಹಿಡಿಯುತ್ತದೆ. ವೈರ್‌ಲೆಸ್ ಚಾರ್ಜರ್ ಮೇಲೆ ಫೋನ್ ಇಟ್ಟಾಗ ಆಗುವುದೂ ಇದೇ ತತ್ತ್ವದಿಂದ: ಕೆಳಗೊಂದು ಸುರುಳಿ, ಮೇಲೊಂದು ಸುರುಳಿ, ನಡುವೆ ತಂತಿಯ ಸಂಪರ್ಕವಿಲ್ಲ.

ನಾಯಿ ತಂತಿಯ ಹತ್ತಿರ ಬಂತು ಎಂದು ಬೆಲ್ಟಿಗೆ ಗೊತ್ತಾದ ಕೂಡಲೇ ಮೊದಲು ‘ಬೀಪ್’ ಸದ್ದು. ನಾಯಿ ಇನ್ನೂ ಮುಂದೆ ಹೋದರೆ ಬೆಲ್ಟಿನ ಒಳಬದಿಯಲ್ಲಿ ಚರ್ಮಕ್ಕೆ ತಾಗಿಕೊಂಡಿರುವ ಎರಡು ಲೋಹದ ಮೊನೆಗಳ ನಡುವೆ ಶಾಕ್. ಅದು ಬರುವುದು ಬೆಲ್ಟಿನ ಬ್ಯಾಟರಿಯಿಂದ. ನೆಲದ ತಂತಿ ಬರೀ “ನೀನೀಗ ಇಲ್ಲಿದ್ದೀಯ” ಎಂದು ಹೇಳುವ ಸುಂಕದ ಕಟ್ಟೆಯವನು.

ಇದರಲ್ಲೊಂದು ಜಾಣ ಉಪಾಯವಿದೆ. ಮನೆಯಿಂದ ಅಂಗಳದ ಅಂಚಿನವರೆಗೆ ತಂತಿ ಹೋಗಬೇಕಲ್ಲ, ಆ ದಾರಿಯಲ್ಲೂ ನಾಯಿಗೆ ಶಾಕ್ ಹೊಡೆಯಬಾರದಲ್ಲ? ಅದಕ್ಕಾಗಿ ಹೋಗುವ ತಂತಿ, ಬರುವ ತಂತಿ ಎರಡನ್ನೂ ಜಡೆಯಂತೆ ಹೆಣೆಯುತ್ತಾರೆ. ಒಂದರಲ್ಲಿ ಕರೆಂಟ್ ಈ ಕಡೆಗೆ, ಇನ್ನೊಂದರಲ್ಲಿ ಆ ಕಡೆಗೆ. ಎರಡರ ಕಾಂತಕ್ಷೇತ್ರಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಹೆಣೆದ ಭಾಗದ ಮೇಲೆ ನಾಯಿ ನಿಶ್ಚಿಂತೆಯಿಂದ ಓಡಾಡಬಹುದು.

ಮನೆಯ ಕರೆಂಟನ್ನು ತಂತಿಗೆ ಕೊಡಲೇಬೇಡಿ

ನಮ್ಮಲ್ಲಿ ‘ಕರೆಂಟ್ ಬೇಲಿ’ ಎಂದರೆ ಜನರ ಕಣ್ಣಿಗೆ ಬರುವುದು ಬೇರೆಯೇ. ಕೊಡಗು, ಹಾಸನ, ಚಾಮರಾಜನಗರದ ಕಡೆ ಆನೆ, ಹಂದಿ ತಡೆಯಲು ಹಾಕುವ ಸೋಲಾರ್ ಬೇಲಿ, ಕೆಲವು ಕಡೆ ಜನ ಕರೆಯುವಂತೆ ‘ಐಬೆಕ್ಸ್ ಬೇಲಿ’. ಅಲ್ಲಿ ತಂತಿ ಮುಟ್ಟಿದರೇ ಶಾಕ್. ಆದರೆ ಅದರ ಯಂತ್ರ ಕರೆಂಟನ್ನು ಒಂದೇ ಸಮನೆ ಹರಿಸುವುದಿಲ್ಲ; ಸೆಕೆಂಡಿಗೊಮ್ಮೆಯಂತೆ, ಕಣ್ಣೆವೆ ಮುಚ್ಚುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಮಿಡಿಸುತ್ತದೆ. ಪ್ರತಿ ಮಿಡಿತದ ಶಕ್ತಿಗೂ ಅಂತರರಾಷ್ಟ್ರೀಯ ಮಾನದಂಡದಲ್ಲಿ 5 ಜೂಲ್‌ಗಳ ಮಿತಿ ಇದೆ. ಹೊಡೆತ ಜೋರಾಗಿರುತ್ತದೆ, ಆದರೆ ಮುಟ್ಟಿದವರು ಕೈ ಬಿಡಿಸಿಕೊಳ್ಳಲು ಎರಡು ಮಿಡಿತಗಳ ನಡುವೆ ಬಿಡುವು ಸಿಗುತ್ತದೆ. ನಾಯಿಯ ಬೆಲ್ಟಿನ ಶಾಕ್ ಇದಕ್ಕಿಂತಲೂ ಎಷ್ಟೋ ಪಾಲು ಸಣ್ಣದು.

ಇವೆರಡಕ್ಕೂ ಸಂಬಂಧವೇ ಇಲ್ಲದ ಮೂರನೆಯದೊಂದಿದೆ: ಕಂಬದಿಂದಲೋ ಮೀಟರ್ ಬೋರ್ಡಿನಿಂದಲೋ ಲೈನನ್ನು ನೇರವಾಗಿ ಎಳೆದು ಬೇಲಿ ತಂತಿಗೆ ಸುತ್ತುವುದು. ಅಲ್ಲಿ ಬಿಡುವಿಲ್ಲ, ಮಿತಿಯಿಲ್ಲ. ಸ್ನಾಯುಗಳು ಬಿಗಿದುಕೊಂಡು ಕೈ ಬಿಡಲಾಗುವುದಿಲ್ಲ, ಹೃದಯದ ಲಯ ತಪ್ಪುತ್ತದೆ. ನಮ್ಮ ದೇಶದಲ್ಲಿ ಮನುಷ್ಯರ ಕಾರಣದಿಂದ ಸಾಯುವ ಆನೆಗಳಲ್ಲಿ ಹೆಚ್ಚಿನವು ಸಾಯುವುದು ಕರೆಂಟ್ ತಗುಲಿಯೇ, ಅದರಲ್ಲಿ ಇಂಥ ಕಳ್ಳ ಬೇಲಿಗಳ ಪಾಲು ದೊಡ್ಡದು. ಹೊಲಕ್ಕೆ ನೀರು ಬಿಡಲು ರಾತ್ರಿ ಹೋದ ರೈತರೂ ಹೀಗೆ ಸತ್ತಿದ್ದಾರೆ, ಕೆಲವೊಮ್ಮೆ ತಾವೇ ಹಾಕಿದ ತಂತಿ ತಗುಲಿ.

ಅಮೆರಿಕದ ವಿಡಿಯೋ ನೋಡಿ “ಹತ್ತು ಮೀಟರ್ ವೈರ್, ಒಂದು ಪ್ಲಗ್, ಅಷ್ಟೇ ತಾನೇ” ಎಂದು ಮಾಡಲು ಹೊರಟರೆ ನೀವು ಮಾಡುವುದು ಈ ಮೂರನೆಯ ಬೇಲಿಯನ್ನು. ನೆಲದಲ್ಲಿ ಹೂತಿದ್ದರಂತೂ ಇನ್ನೂ ಕೆಟ್ಟದ್ದು, ಏಕೆಂದರೆ ಕಣ್ಣಿಗೆ ಕಾಣುವುದೂ ಇಲ್ಲ. ನಾಯಿ ಬೇಲಿಯ ತಂತಿಗೆ ಪ್ಲಗ್ಗನ್ನು ನೇರವಾಗಿ ಜೋಡಿಸುವ ‘ದೇಸಿ ಐಡಿಯಾ’ ವಿಡಿಯೋ ನಿಮಗೆ ಬಂದರೆ ದಯವಿಟ್ಟು ಅದನ್ನು ಅಲ್ಲಿಗೇ ನಿಲ್ಲಿಸಿ, ಕಳಿಸಿದವರಿಗೆ ಫೋನ್ ಮಾಡಿ ಹೇಳಿ.

‘ಸ್ಟ್ಯಾಟಿಕ್’ ಎಂಬ ಮೆತ್ತನೆಯ ಮಾತು

ಇಂಥ ಬೆಲ್ಟ್ ಮಾರುವವರು ‘ಶಾಕ್’ ಎಂಬ ಪದವನ್ನು ಆದಷ್ಟು ತಪ್ಪಿಸುತ್ತಾರೆ. ‘ಸ್ಟ್ಯಾಟಿಕ್ ಕರೆಕ್ಷನ್’ ಎನ್ನುತ್ತಾರೆ. ಚಳಿಗಾಲದಲ್ಲಿ ಸ್ವೆಟರ್ ತೆಗೆಯುವಾಗ ಚಟಪಟ ಎನ್ನುತ್ತದಲ್ಲ, ಕಾರಿನ ಬಾಗಿಲು ಮುಟ್ಟಿದಾಗ ಚುರ್ ಎನ್ನುತ್ತದಲ್ಲ, ಅಷ್ಟೇ ಎಂಬ ಅರ್ಥದಲ್ಲಿ. ಹೋಲಿಕೆ ಪೂರ್ತಿ ತಪ್ಪಲ್ಲ: ಎರಡರಲ್ಲೂ ವೋಲ್ಟೇಜ್ ಸಾವಿರಗಳಲ್ಲಿರಬಹುದು, ಹರಿಯುವ ಶಕ್ತಿ ಅತ್ಯಲ್ಪ. “ಬೆಲ್ಟಿನಲ್ಲಿ ಸಾವಿರಾರು ವೋಲ್ಟ್!” ಎಂದು ಹೆದರಿಸುವ ಫಾರ್ವರ್ಡ್‌ಗಳಿಗೆ ಇದೇ ಉತ್ತರ. ವೋಲ್ಟೇಜ್ ಒಂದನ್ನೇ ನೋಡಿ ಅಪಾಯ ಅಳೆಯಲಾಗದು.

ಆದರೆ ಇದು ಬ್ಯಾಟರಿಯಿಂದ ಬೇಕೆಂದೇ ಕೊಡುವ, ಮಟ್ಟ ಏರಿಸಬಹುದಾದ, ಮತ್ತೆ ಮತ್ತೆ ಬಡಿಯಬಲ್ಲ ಶಾಕ್. ನಾಯಿಗೆ ಅಹಿತವಾಗದಿದ್ದರೆ ಈ ಸಾಧನ ಕೆಲಸವನ್ನೇ ಮಾಡುವುದಿಲ್ಲ. “ನೋವೇ ಆಗಲ್ಲ, ಆದರೆ ನಾಯಿ ದಾಟಲ್ಲ” ಎಂಬ ಜಾಹೀರಾತಿನ ಮಾತು ತನ್ನನ್ನು ತಾನೇ ಹೊಡೆದುಕೊಳ್ಳುತ್ತದೆ. ಬೆಲ್ಟನ್ನು ಅಂಗೈಯಲ್ಲಿ ಹಿಡಿದು “ನೋಡಿ, ಏನೂ ಇಲ್ಲ” ಎಂದು ತೋರಿಸುವ ವಿಡಿಯೋಗಳೂ ಇವೆ. ಅಂಗೈ ಚರ್ಮ ದಪ್ಪ, ಒಣಗಿರುತ್ತದೆ. ಹಿಡಿದವರಿಗೆ ಶಾಕ್ ಬರುವುದು ಮೊದಲೇ ಗೊತ್ತಿರುತ್ತದೆ. ಕೊರಳು ಬೇರೆ, ಏನಾಯಿತು, ಎಲ್ಲಿಂದ ಬಂತು ಎಂದು ತಿಳಿಯದ ಪ್ರಾಣಿಯ ಕೊರಳು ಇನ್ನೂ ಬೇರೆ.

ಕೊರಳಿನ ಹುಣ್ಣು: ಸುಟ್ಟ ಗಾಯವೇ?

ಇನ್ನೊಂದು ಬಗೆಯ ಫೋಟೊ ಹರಿದಾಡುತ್ತದೆ: ನಾಯಿಯ ಕೊರಳಲ್ಲಿ ಎರಡು ಆಳವಾದ ಹುಣ್ಣು, ಕೆಳಗೆ “ಶಾಕ್ ಬೆಲ್ಟ್ ಸುಟ್ಟು ಹಾಕಿದೆ” ಎಂಬ ಬರಹ. ಹುಣ್ಣು ನಿಜ, ಕಾರಣ ಸಾಮಾನ್ಯವಾಗಿ ಬೇರೆ. ಅಷ್ಟು ಸಣ್ಣ ಬ್ಯಾಟರಿಯ, ಅಷ್ಟು ಕ್ಷಣಿಕ ಮಿಡಿತಕ್ಕೆ ಚರ್ಮ ಆಳವಾಗಿ ಸುಡುವ ಶಕ್ತಿ ಇರುವುದಿಲ್ಲ. ಹೆಚ್ಚಾಗಿ ಆಗುವುದು ಹಾಸಿಗೆ ಹಿಡಿದ ರೋಗಿಯ ಬೆನ್ನಿಗೆ ಆಗುವಂಥದ್ದೇ. ಲೋಹದ ಮೊನೆ ಒಂದೇ ಜಾಗದಲ್ಲಿ ದಿನಗಟ್ಟಲೆ ಒತ್ತಿಕೊಂಡು, ಅಲ್ಲಿಗೆ ರಕ್ತ ಹರಿಯದೆ, ಚರ್ಮ ಸತ್ತು ಹುಣ್ಣಾಗುವುದು. ಒದ್ದೆ ಕೂದಲು, ಕೊಳೆ ಸೇರಿದರೆ ಸೋಂಕು.

ಕಾರಣ ಬೇರೆಯಾದ ಮಾತ್ರಕ್ಕೆ ಬೆಲ್ಟ್ ನಿರಪರಾಧಿ ಆಗುವುದಿಲ್ಲ. ಮೊನೆ ಚರ್ಮಕ್ಕೆ ಗಟ್ಟಿಯಾಗಿ ತಾಗದಿದ್ದರೆ ಶಾಕ್ ಹೊಡೆಯದು, ಅದಕ್ಕಾಗಿ ಬಿಗಿಯಾಗಿ ಕಟ್ಟಬೇಕು. ಬಿಗಿಯಾಗಿ ಕಟ್ಟಿದರೆ ಹುಣ್ಣಿನ ಅಪಾಯ. ಈ ಇಕ್ಕಟ್ಟು ಸಾಧನದ ವಿನ್ಯಾಸದಲ್ಲೇ ಇದೆ. ದಿನಕ್ಕೆ 12 ಗಂಟೆಗಿಂತ ಹೆಚ್ಚು ಹೊತ್ತು ಕಟ್ಟಬೇಡಿ, ಗಂಟೆ ಎರಡು ಗಂಟೆಗೊಮ್ಮೆ ಜಾಗ ಸರಿಸಿ, ಚರ್ಮವನ್ನು ದಿನವೂ ನೋಡಿ ಎಂದು ತಯಾರಕರ ಕೈಪಿಡಿಗಳೇ ಹೇಳುತ್ತವೆ. ಗಂಟೆಗೊಮ್ಮೆ ಬೆಲ್ಟ್ ಸರಿಸಲು ಮನೆಯಲ್ಲಿ ಯಾರಾದರೂ ಇದ್ದರೆ ನಾಯಿಯನ್ನೂ ಅವರೇ ನೋಡಿಕೊಳ್ಳಬಹುದಲ್ಲ ಎಂದು ನಮಗೆ ಓದುವಾಗ ಅನಿಸಿದ್ದುಂಟು.

ಇದು ಹುಟ್ಟಿದ್ದು ಯಾಕೆ?

ರಿಚರ್ಡ್ ಪೆಕ್ ಎಂಬ ಅಮೆರಿಕದ ಮಾರಾಟಗಾರ ಇದಕ್ಕೆ ಪೇಟೆಂಟ್ ಪಡೆದದ್ದು 1973ರಲ್ಲಿ. ‘ಇನ್‌ವಿಸಿಬಲ್ ಫೆನ್ಸ್’, ಅಂದರೆ ಕಾಣದ ಬೇಲಿ ಎಂಬ ವ್ಯಾಪಾರದ ಹೆಸರು ಎಷ್ಟು ಪ್ರಸಿದ್ಧವಾಯಿತೆಂದರೆ ಈಗ ಜನ ಯಾವ ಕಂಪನಿಯದ್ದನ್ನಾದರೂ ಹಾಗೆಯೇ ಕರೆಯುತ್ತಾರೆ. ಅಮೆರಿಕದ ಉಪನಗರಗಳಲ್ಲಿ ಮನೆ ಮುಂದೆ ತೆರೆದ ಹುಲ್ಲುಹಾಸು ಬಿಡುವುದು ವಾಡಿಕೆ. ಅನೇಕ ಬಡಾವಣೆಗಳಲ್ಲಿ ಮನೆಮಾಲೀಕರ ಸಂಘಗಳು ಮುಂದಿನ ಅಂಗಳಕ್ಕೆ ಬೇಲಿ ಹಾಕಲು ಬಿಡುವುದೇ ಇಲ್ಲ. ಜಾಗ ದೊಡ್ಡದು, ಗೋಡೆ ಕಟ್ಟುವಂತಿಲ್ಲ, ನಾಯಿ ಬಿಡಬೇಕು. ಟೆಕ್ಸಸ್, ನ್ಯೂಜೆರ್ಸಿಯ ಕನ್ನಡಿಗರ ಮನೆಗಳ ಪ್ರಶ್ನೆಯೂ ಇದೇ. ಆ ಪ್ರಶ್ನೆಗೆ ಹುಟ್ಟಿದ ಉತ್ತರ ಇದು. ನಮ್ಮ ಊರಿನ ಪ್ರಶ್ನೆ ಬೇರೆ ಎಂಬುದನ್ನು ಮುಂದೆ ನೋಡೋಣ.

ನಾಯಿ ನಿಜಕ್ಕೂ ದಾಟುವುದಿಲ್ಲವೇ?

ದಾಟುತ್ತದೆ. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಸಾವಿರಕ್ಕೆ ತುಸು ಕಡಿಮೆ ನಾಯಿ ಮಾಲೀಕರನ್ನು ಕೇಳಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಎಲೆಕ್ಟ್ರಾನಿಕ್ ಬೇಲಿಯೊಳಗಿದ್ದ ನಾಯಿಗಳಲ್ಲಿ ಶೇ. 44ರಷ್ಟು ಒಮ್ಮೆಯಾದರೂ ತಪ್ಪಿಸಿಕೊಂಡಿದ್ದವು. ಕಣ್ಣಿಗೆ ಕಾಣುವ ಸಾಧಾರಣ ಬೇಲಿಯೊಳಗಿದ್ದವುಗಳಲ್ಲಿ ಶೇ. 23. ಇದು ಮಾಲೀಕರ ನೆನಪಿನಿಂದ ಬಂದ ಲೆಕ್ಕ, ತಂತಿ ಹಾಕಿಸಿಕೊಂಡವರ ನಾಯಿಗಳು ಮೊದಲೇ ಓಡುವ ಚಾಳಿಯವು ಆಗಿದ್ದಿರಬಹುದು. ಆದರೂ “ಜನ್ಮದಲ್ಲಿ ಆಚೆ ಹೋಗಲ್ಲ” ಎಂಬ ಮಾತು ಇದರ ಮುಂದೆ ನಿಲ್ಲುವುದಿಲ್ಲ.

ಯಾಕೆ ದಾಟುತ್ತದೆ ಎಂಬುದಕ್ಕೆ ನಾಯಿಯ ಕಡೆಯಿಂದ ಯೋಚಿಸಬೇಕು. ಎದುರಿಗೆ ಬೆಕ್ಕು ಓಡುತ್ತಿದೆ, ಅಥವಾ ದೀಪಾವಳಿಯ ಪಟಾಕಿ ಸಿಡಿದು ಜೀವ ಹಾರಿಹೋಗಿದೆ. ಜೋರಾಗಿ ಓಡುವ ನಾಯಿ ಆ ಕೆಲವು ಅಡಿಗಳನ್ನು ಒಂದು ಸೆಕೆಂಡಿನೊಳಗೆ ದಾಟಿಬಿಡುತ್ತದೆ. ಉದ್ವೇಗದಲ್ಲಿ ಶಾಕ್ ಬಡಿದದ್ದು ಅಷ್ಟಾಗಿ ತಿಳಿಯುವುದೂ ಇಲ್ಲ. ಈಗ ಅದು ರಸ್ತೆಯಲ್ಲಿದೆ. ಬೆಕ್ಕು ಹೋಯಿತು, ಪಟಾಕಿ ನಿಂತಿತು, ಉದ್ವೇಗ ಇಳಿಯಿತು. ಮನೆಗೆ ಬರಬೇಕು ಎನಿಸುತ್ತದೆ. ಅಂಗಳದ ಅಂಚಿಗೆ ಬಂದ ಕೂಡಲೇ ಬೀಪ್. ಹೊರಗೆ ಹೋಗಲು ಇದ್ದ ಆಸೆ ಒಳಗೆ ಬರಲು ಅಷ್ಟು ಬಲವಾಗಿಲ್ಲ. ನಾಯಿ ಅಲ್ಲೇ ನಿಲ್ಲುತ್ತದೆ, ತನ್ನ ಮನೆಯ ಎದುರು, ಹೊರಗಡೆ. ಹೊರಗೆ ಹೋಗದಂತೆ ಹಾಕಿದ ತಂತಿ ಒಳಗೆ ಬರದಂತೆ ಕಾಯುತ್ತಿರುತ್ತದೆ.

ಇನ್ನು ಸಾಧನವೇ ಕೈಕೊಡುವ ಬಗೆಗಳು. ಬೆಲ್ಟಿನ ಬ್ಯಾಟರಿ ಮುಗಿದಿರುತ್ತದೆ. ದಟ್ಟ ಕೂದಲಿನ ನಾಯಿಗೆ ಮೊನೆ ತಾಗಿರುವುದಿಲ್ಲ. ಗಿಡ ನೆಡುವಾಗ ಗುದ್ದಲಿ ಬಿದ್ದು, ಇಲ್ಲವೇ ಹೆಗ್ಗಣ ಕಡಿದು ತಂತಿ ತುಂಡಾಗಿರುತ್ತದೆ. ತಂತಿ ಒಂದು ಕಡೆ ತುಂಡಾದರೂ ಸುತ್ತು ಪೂರ್ತಿಯಾಗದೆ ಇಡೀ ಬೇಲಿ ಸತ್ತಂತೆ. ಪೆಟ್ಟಿಗೆ ಸದ್ದು ಮಾಡಿ ಎಚ್ಚರಿಸುತ್ತದೆ, ಕೇಳುವವರು ಮನೆಯಲ್ಲಿದ್ದರೆ. ಬೇರೆ ವಿದ್ಯುತ್ ಅಥವಾ ಕೇಬಲ್ ಟಿವಿ ತಂತಿಗಳ ಪಕ್ಕದಲ್ಲೇ ಇದನ್ನು ಎಳೆದಿದ್ದರೆ ಸಿಗ್ನಲ್ ಅವುಗಳಿಗೆ ಹತ್ತಿಕೊಂಡು, ಎಲ್ಲೋ ವರಾಂಡದಲ್ಲಿ ಮಲಗಿದ ನಾಯಿಗೆ ಕಾರಣವಿಲ್ಲದೆ ಶಾಕ್ ಹೊಡೆಯುವುದೂ ಉಂಟು. ಮತ್ತೆ ಕರೆಂಟ್ ಹೋದರೆ? ಬ್ಯಾಟರಿ ಬ್ಯಾಕಪ್ ಇಲ್ಲದ ಪೆಟ್ಟಿಗೆಯಾದರೆ ಕರೆಂಟ್ ಜೊತೆ ಬೇಲಿಯೂ ಹೋಯಿತು. ಏಪ್ರಿಲ್-ಮೇ ಗುಡುಗು ಮಳೆಯಲ್ಲಿ ನಮ್ಮ ಊರುಗಳಲ್ಲಿ ಎಷ್ಟು ಹೊತ್ತು ಕರೆಂಟ್ ಇರುತ್ತದೆ ಎಂಬುದನ್ನು ನಿಮಗೆ ನಾವು ಹೇಳಬೇಕಿಲ್ಲ.

ಒಳಗೆ ಬರುವವರನ್ನು ತಡೆಯುವವರು ಯಾರು?

ಕರ್ನಾಟಕದ ಮಟ್ಟಿಗೆ ನಮಗೆ ಮುಖ್ಯ ಅನಿಸಿದ ಪ್ರಶ್ನೆ ಇದು. ಕಾಂಪೌಂಡ್ ಗೋಡೆ ಎರಡು ಕೆಲಸ ಮಾಡುತ್ತದೆ: ಒಳಗಿನದನ್ನು ಒಳಗೆ, ಹೊರಗಿನದನ್ನು ಹೊರಗೆ ಇಡುತ್ತದೆ. ನೆಲದಡಿಯ ತಂತಿ ಮಾಡುವುದು ಮೊದಲ ಕೆಲಸವನ್ನು ಮಾತ್ರ, ಅದೂ ಅರೆಬರೆ. ಬೆಲ್ಟ್ ಇಲ್ಲದ ಬೀದಿ ನಾಯಿಗೆ ಅದು ಇದ್ದೂ ಇಲ್ಲ.

ರೇಬಿಸ್ ಇರುವ ದೇಶದಲ್ಲಿ ಇದು ಸಣ್ಣ ಮಾತಲ್ಲ. ಹುಚ್ಚು ಹಿಡಿದ ನಾಯಿ ಅಂಗಳಕ್ಕೆ ನುಗ್ಗಿದರೆ ನಿಮ್ಮ ನಾಯಿಗೆ ಓಡಿಹೋಗಲೂ ದಾರಿಯಿಲ್ಲ. ಯಾವ ದಿಕ್ಕಿಗೆ ಓಡಿದರೂ ಶಾಕ್ ಎಂದು ಅದು ಕಲಿತಿರುತ್ತದೆ. ಸಾಕುನಾಯಿಗೆ ರೇಬಿಸ್ ಲಸಿಕೆ ವರ್ಷವರ್ಷ ತಪ್ಪದೆ ಹಾಕಿಸಿ. ಮನುಷ್ಯರಿಗೆ ಕಚ್ಚಿದರೆ ಅಥವಾ ತರಚಿದರೆ ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿಸಬೇಕು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಅಪರೂಪ. ಅರಿಶಿನ, ಸುಣ್ಣ, ಮೆಣಸಿನಪುಡಿ ಯಾವುದೂ ಬೇಡ.

ಮಲೆನಾಡಿನಲ್ಲಿ, ಕಾಡಂಚಿನ ತೋಟದ ಮನೆಗಳಲ್ಲಿ ಚಿರತೆಯದೂ ಲೆಕ್ಕವಿದೆ. ಮಹಾರಾಷ್ಟ್ರದ ಅಕೋಲೆ ಕಣಿವೆಯ ಕೃಷಿ ಪ್ರದೇಶದಲ್ಲಿ ಚಿರತೆಗಳ ಆಹಾರವನ್ನು ಅಧ್ಯಯನ ಮಾಡಿ 2014ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅವು ತಿಂದ ಬೇಟೆಯ ತೂಕದಲ್ಲಿ ಶೇ. 39ರಷ್ಟು ಸಾಕು ಮತ್ತು ಬೀದಿ ನಾಯಿಗಳದ್ದೇ. ರಾತ್ರಿ ತೆರೆದ ಅಂಗಳದಲ್ಲಿ ತಂತಿಯ ನಂಬಿಕೆಯ ಮೇಲೆ ಬಿಟ್ಟ ನಾಯಿ ಅಂಥ ಕಡೆ ಚಿರತೆಗೆ ಬಡಿಸಿಟ್ಟ ಊಟ.

ಒಳಗೆ ಬರುವವರಲ್ಲಿ ಮಕ್ಕಳೂ ಇದ್ದಾರೆ, ಹಾಲಿನವರು, ಪಾರ್ಸೆಲ್ ತರುವ ಹುಡುಗರು ಇದ್ದಾರೆ. ಗೇಟ್ ಇದ್ದರೆ ಅವರು ಹೊರಗೆ ನಿಂತು ಕೂಗುತ್ತಾರೆ. ಕಾಣದ ಬೇಲಿ ಅವರಿಗೂ ಕಾಣುವುದಿಲ್ಲ.

ಶಾಕ್‌ನಿಂದ ನಾಯಿ ಕಚ್ಚುವ ಸ್ವಭಾವದ್ದಾಗುತ್ತದೆಯೇ?

ಇಲ್ಲಿ ಎರಡೂ ಕಡೆಯವರು ತಮಗೆ ಬೇಕಾದಷ್ಟನ್ನು ಮಾತ್ರ ಹೇಳುತ್ತಾರೆ. ನಾಯಿ ಕಲಿಯುವುದು ಜೋಡಣೆಯಿಂದ: ಇದಾದ ಮೇಲೆ ಅದಾಯಿತು. “ಗಡಿ ದಾಟಿದೆ, ಶಾಕ್ ಹೊಡೆಯಿತು” ಎಂದು ಅದು ಕಲಿಯಲಿ ಎಂಬುದು ನಮ್ಮ ಆಸೆ. ಗಡಿ ಕಾಣುವುದಿಲ್ಲವಲ್ಲ. ಕಾಣುವುದು ರಸ್ತೆಯಲ್ಲಿ ಸೈಕಲ್ ಮೇಲೆ ಹೋಗುತ್ತಿರುವ ಹುಡುಗ. ಅವನತ್ತ ಖುಷಿಯಿಂದ ಓಡಿದಾಗೆಲ್ಲ ನೋವಾದರೆ ನಾಯಿ ನೋವನ್ನು ಹುಡುಗನಿಗೆ ಜೋಡಿಸಬಹುದು. 2000ನೇ ಇಸವಿಯಲ್ಲಿ ರಿಚರ್ಡ್ ಪೋಲ್‌ಸ್ಕಿ ಎಂಬ ಪ್ರಾಣಿ ವರ್ತನೆ ತಜ್ಞರು ಇಂಥ ಬೇಲಿ ಇದ್ದ ಮನೆಗಳಲ್ಲಿ ನಾಯಿ ಮನುಷ್ಯರ ಮೇಲೆ ಎರಗಿದ ಐದು ಪ್ರಕರಣಗಳನ್ನು ಪ್ರಕಟಿಸಿದರು. ಹೀಗೆ ಆಗಬಹುದು ಎಂಬುದಕ್ಕೆ ಅದು ಸಾಕ್ಷಿ. ಎಷ್ಟು ಮನೆಗಳಲ್ಲಿ ಆಗುತ್ತದೆ ಎಂಬುದನ್ನು ಐದು ಪ್ರಕರಣ ಹೇಳಲಾರವು. ಮೇಲೆ ಹೇಳಿದ ಒಹಾಯೊ ಅಧ್ಯಯನದಲ್ಲಿ ಬೇಲಿಯ ಬಗೆಗೂ ಕಚ್ಚಿದ ಇತಿಹಾಸಕ್ಕೂ ಸಂಬಂಧ ಕಂಡುಬರಲಿಲ್ಲ.

ಹಾಗಾಗಿ “ಈ ಬೇಲಿ ಹಾಕಿದರೆ ನಾಯಿ ರಾಕ್ಷಸ ಆಗುತ್ತದೆ” ಎಂಬ ಫಾರ್ವರ್ಡ್ ಉತ್ಪ್ರೇಕ್ಷೆ. ಹೆದರಿಕೆಯ ಮಾತು ಬೇರೆ. 2004ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನವೊಂದು ಶಾಕ್ ಬೆಲ್ಟ್ ಹಾಕಿ ತರಬೇತಿ ಕೊಟ್ಟ ಜರ್ಮನ್ ಶೆಫರ್ಡ್ ನಾಯಿಗಳನ್ನು ನೋಡಿತು. ಶಾಕ್ ಇಲ್ಲದ ಹೊತ್ತಿನಲ್ಲೂ, ತರಬೇತುದಾರ ಹತ್ತಿರವಿದ್ದರೆ ಸಾಕು, ಅವು ಕಿವಿ ಮುದುರಿ ಅಂಜಿಕೆ ತೋರಿಸುತ್ತಿದ್ದವು. ಅದು ಕೈಯಲ್ಲಿ ರಿಮೋಟ್ ಹಿಡಿದು ಕೊಡುವ ಶಾಕ್, ಬೇಲಿಯದ್ದಲ್ಲ. ಎರಡನ್ನೂ ಒಂದೇ ಎನ್ನುವಂತಿಲ್ಲ. ಬೇಲಿಯ ಪರವಾಗಿ ಹೇಳಬಹುದಾದ ಅಧ್ಯಯನವೂ ಒಂದಿದೆ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು ವರ್ಷಕ್ಕೂ ಮಿಕ್ಕಿ ಇಂಥ ಗಡಿಯೊಳಗೆ ಬದುಕಿದ 23 ಬೆಕ್ಕುಗಳನ್ನು, ಸ್ವತಂತ್ರವಾಗಿ ತಿರುಗುವ 23 ಬೆಕ್ಕುಗಳ ಜೊತೆ ಹೋಲಿಸಿ 2016ರಲ್ಲಿ ಬರೆದರು; ದೀರ್ಘಕಾಲದ ಹಾನಿಯೇನೂ ಅವರಿಗೆ ಕಾಣಲಿಲ್ಲ. ಬೆಕ್ಕಿನ ಮಾತು ನಾಯಿಗೆ ಎಷ್ಟು ಹೊಂದುತ್ತದೆ ಎಂಬುದು ಬೇರೆ ಚರ್ಚೆ. ಅಮೆರಿಕದ ಪಶುವೈದ್ಯ ವರ್ತನಾ ತಜ್ಞರ ಸಂಘ 2021ರಲ್ಲಿ ಹೊರಡಿಸಿದ ನಿಲುವಿನಲ್ಲಿ ನಾಯಿಗಳಿಗೆ ಬಹುಮಾನ ಕೊಟ್ಟು ಕಲಿಸುವ ವಿಧಾನವನ್ನಷ್ಟೇ ಶಿಫಾರಸು ಮಾಡಿದೆ, ಶಾಕ್ ಬೆಲ್ಟ್ ಬೇಡ ಎಂದಿದೆ.

ಬೇರೆ ದೇಶಗಳ ಕಾನೂನು ಒಂದೇ ರೀತಿ ಇಲ್ಲ. ವೇಲ್ಸ್ 2010ರಲ್ಲೇ ನಾಯಿ ಮತ್ತು ಬೆಕ್ಕಿಗೆ ಶಾಕ್ ಬೆಲ್ಟ್ ಹಾಕುವುದನ್ನು ನಿಷೇಧಿಸಿತು, ಬೇಲಿಯ ಬೆಲ್ಟ್ ಕೂಡ ಸೇರಿ. ಇಂಗ್ಲೆಂಡಿನ 2023ರ ಕರಡು ನಿಯಮ ರಿಮೋಟ್ ಬೆಲ್ಟನ್ನು ನಿಷೇಧಿಸಿ ಬೇಲಿಯ ಬೆಲ್ಟನ್ನು ಬಿಟ್ಟಿತ್ತು. ಅದೂ ಕೊನೆಗೆ ಜಾರಿಯಾಗಲಿಲ್ಲ. ನಮಗೆ ಬಹಳ ಹಿಡಿಸಿದ್ದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ನಿಯಮ: ಇಂಥ ತಂತಿ ಹಾಕಬಹುದು, ಆದರೆ ಕನಿಷ್ಠ 1.5 ಮೀಟರ್ ಎತ್ತರದ, ನಾಯಿ ನುಸುಳಲಾಗದ ನಿಜವಾದ ಬೇಲಿಯ ಒಳಗೆ ಮಾತ್ರ! ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಾಣಿಗೆ ಅನಗತ್ಯ ನೋವು ಕೊಡುವುದನ್ನು ಅಪರಾಧ ಎನ್ನುತ್ತದೆ. ಅತಿ ಗಿಡ್ಡ ಅಥವಾ ಅತಿ ಭಾರದ ಚೈನಿನಲ್ಲಿ ಮಿತಿಮೀರಿ ಹೊತ್ತು ಕಟ್ಟಿಹಾಕುವುದೂ ಅದೇ ಕಲಮಿನಡಿ ಬರುತ್ತದೆ. ಶಾಕ್ ಬೇಡ ಎಂದು ದಿನವಿಡೀ ಕಟ್ಟಿಹಾಕುವವರು ಇದನ್ನೂ ಗಮನಿಸಬೇಕು.

30×40 ಸೈಟಿನಲ್ಲಿ ಜಿಪಿಎಸ್ ಬೆಲ್ಟ್

ಈಗ ತಂತಿಯೇ ಇಲ್ಲದ, ಫೋನಿನ ಮ್ಯಾಪ್ ಮೇಲೆ ಬೆರಳಲ್ಲಿ ಗೆರೆ ಎಳೆದು ಗಡಿ ಹಾಕುವ ಜಿಪಿಎಸ್ ಬೆಲ್ಟ್‌ಗಳು ಬಂದಿವೆ. ನೀವು ಕ್ಯಾಬ್ ಬುಕ್ ಮಾಡಿದಾಗ ನಿಮ್ಮ ಚುಕ್ಕೆ ಪಕ್ಕದ ರಸ್ತೆಯಲ್ಲಿ ನಿಂತಿರುವುದನ್ನು ನೋಡಿದ್ದೀರಲ್ಲವೇ? ಈ ಬೆಲ್ಟೂ ಬಳಸುವುದು ಅದೇ ಉಪಗ್ರಹಗಳನ್ನು. ತೆರೆದ ಆಕಾಶದಡಿಯಲ್ಲೇ ಕೆಲವು ಮೀಟರ್ ಹೆಚ್ಚುಕಮ್ಮಿ ಆಗುತ್ತದೆ, ಮರ ಮತ್ತು ಕಟ್ಟಡಗಳ ನಡುವೆ ಇನ್ನೂ ಜಾಸ್ತಿ. 30×40 ಸೈಟ್ ಅಂದರೆ ಸುಮಾರು 9 ಮೀಟರ್ ಅಗಲ, 12 ಮೀಟರ್ ಉದ್ದ. ಅದರಲ್ಲಿ ಮನೆ ಕಳೆದರೆ ಉಳಿಯುವುದು ಸುತ್ತ ಮೂರು ನಾಲ್ಕು ಅಡಿ ಓಣಿ. ಜಿಪಿಎಸ್ ಚುಕ್ಕೆ ಒಮ್ಮೆ ಆಚೀಚೆ ಜಿಗಿದರೆ ತನ್ನ ಪಾಡಿಗೆ ಮಲಗಿದ ನಾಯಿ ‘ಗಡಿ ದಾಟಿದ’ ಲೆಕ್ಕ. ಹತ್ತಾರು ಎಕರೆಯ ಎಸ್ಟೇಟಿನಲ್ಲಿ ಇದಕ್ಕೆ ಅರ್ಥವಿದೆ, ಅದೂ ಶಾಕ್ ಆಫ್ ಮಾಡಿ ನಾಯಿ ಎಲ್ಲಿದೆ ಎಂದು ನೋಡಲು. ತಂತಿಯ ಬೇಲಿಗೂ ಸೈಟಿನ ಅಳತೆ ಇಕ್ಕಟ್ಟೇ: ಗಡಿಯ ಸಿಗ್ನಲ್ ಒಳಗಡೆಗೆ ಕೆಲವು ಅಡಿ ಹಬ್ಬಿ ಕೋಣೆಯೊಳಗೇ ಬೀಪ್ ಮಾಡಬಹುದು.

ಈಗಾಗಲೇ ಹಾಕಿಸಿದ್ದರೆ, ಅಥವಾ ನಾಯಿ ಓಡಿಹೋಗುವುದೇ ಚಿಂತೆಯಾಗಿದ್ದರೆ

ಮೊದಲು ಎರಡನೆಯದು. ಬೀಜ ತೆಗೆಸದ ಗಂಡು ನಾಯಿ ಅಲೆಯಲು ಹೋಗುವುದು ಹೆಚ್ಚು. ಪಶುವೈದ್ಯರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿದರೆ ಬಹಳ ನಾಯಿಗಳಲ್ಲಿ ಇದು ಕಡಿಮೆಯಾಗುತ್ತದೆ. ದಿನಕ್ಕೆರಡು ಬಾರಿ ಸರಿಯಾಗಿ ವಾಕಿಂಗ್ ಆದ ನಾಯಿಗೆ ಗೇಟ್ ಹಾರುವ ಹುಮ್ಮಸ್ಸು ಉಳಿದಿರುವುದು ಅಪರೂಪ. ಗೇಟಿನ ಕೆಳಗಿನ ಸಂದಿಗೆ ಜಾಲರಿ ಹೊಡೆಸಿ, ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್ ಹಾಕಿಸಿ. ಬೆಲ್ಟಿಗೆ ನಿಮ್ಮ ಫೋನ್ ನಂಬರ್ ಕೆತ್ತಿದ ಬಿಲ್ಲೆ ಕಟ್ಟಿ.

ಅಮೆರಿಕದಲ್ಲೋ ಇಲ್ಲಿನ ತೋಟದ ಮನೆಯಲ್ಲೋ ತಂತಿ ಈಗಾಗಲೇ ಇದ್ದರೆ, ಗಡಿಯುದ್ದಕ್ಕೂ ಪುಟ್ಟ ಬಾವುಟಗಳನ್ನು ನೆಟ್ಟು, ಲೀಶ್ ಹಿಡಿದು, ಬರೀ ಬೀಪ್ ಸದ್ದಿಗೆ ಹಿಂದಿರುಗಿದಾಗ ತಿಂಡಿ ಕೊಟ್ಟು ಕಲಿಸಬೇಕು. ಒಂದೊಂದು ಸಲ ಹತ್ತು ಹದಿನೈದು ನಿಮಿಷ, ದಿನಕ್ಕೆ ಮೂರು ಬಾರಿ, ಕನಿಷ್ಠ ಎರಡು ವಾರ. ಬೀಪ್‌ಗೇ ತಿರುಗುವುದನ್ನು ಕಲಿತ ಎಷ್ಟೋ ನಾಯಿಗಳಿಗೆ ಶಾಕ್ ಬೇಕಾಗುವುದೇ ಇಲ್ಲ. ನಿಮ್ಮ ಬೆಲ್ಟಿನಲ್ಲಿ ಅದನ್ನು ಆಫ್ ಮಾಡುವ ಆಯ್ಕೆ ಇದ್ದರೆ ಆಫ್ ಮಾಡಿ. ಆರು ತಿಂಗಳೊಳಗಿನ ಮರಿಗೆ, ಮೊದಲೇ ಅಂಜುಬುರುಕ ಅಥವಾ ಕಚ್ಚುವ ನಾಯಿಗೆ ಇದನ್ನು ಕಟ್ಟಲೇಬೇಡಿ. ಮನೆಯಲ್ಲಿ ಯಾರೂ ಇಲ್ಲದಾಗ ನಾಯಿಯನ್ನು ತಂತಿಯ ಭರವಸೆಯ ಮೇಲೆ ಹೊರಗೆ ಬಿಟ್ಟು ಹೋಗಬೇಡಿ.

ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. ವಾಕಿಂಗ್‌ಗೆ ಹೊರಡುವಾಗ, ಪಶುವೈದ್ಯರಲ್ಲಿಗೆ ಕಾರಿನಲ್ಲಿ ಕರೆದೊಯ್ಯುವಾಗ ಶಾಕ್ ಬೆಲ್ಟ್ ಬಿಚ್ಚಿ ಮನೆಯಲ್ಲೇ ಇಟ್ಟು ಹೋಗಿ. ಕಾರು ಗೇಟ್ ದಾಟುವುದೂ ಆ ತಂತಿಯ ಮೇಲಿಂದಲೇ. ಹಿಂದಿನ ಸೀಟಿನಲ್ಲಿ ಕೂತ ನಾಯಿಗೆ ಓಡಲು ಜಾಗವಿಲ್ಲ, ಶಾಕ್ ಎಲ್ಲಿಂದ ಬಂತೆಂದು ಗೊತ್ತಿಲ್ಲ, ಪಕ್ಕದಲ್ಲಿ ಕೂತಿರುವುದು ನಿಮ್ಮ ಮಗು.